ನಾಲ್ಕೂ ಕಡೆ ನೀರು

ದ್ವೀಪ ಯಾರು ನೋಡಿದ್ದೀರಿ, ಕೈ ಎತ್ತಿ ಅಂದೆ.
ನಲವತ್ತೊಂದು ಮಕ್ಕಳು. ಒಂದು ಕೈಯೂ ಏಳಲಿಲ್ಲ.
ಅಂಡಮಾನ್, ಅಂದಳು ಮುಂದಿನ ಬೆಂಚಿನ ತಬಸ್ಸುಮ್,
ವಿಮಾನದಲ್ಲೇ ಹೋಗಬೇಕಂತೆ ಮಿಸ್.
ಕಿಟಕಿಯಾಚೆ ಗಂಜಾಮಿನ ಬಿಸಿಲು,
ಬಿಸಿಲಿನಾಚೆ ಹೊಳೆ, ಸ್ಕೂಲಿನ ಬೆನ್ನ ಕಡೆಗೂ ಅದೇ ಹೊಳೆ.
ಬೆಳಿಗ್ಗೆ ಸೇತುವೆ ದಾಟಿಯೇ ಬಂದವಳು ನಾನು,
ಸುಮ್ಮನೆ ಬೋರ್ಡಿನ ಮೇಲೆ ಬರೆದೆ:
ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗ.
ಬಾಯಿಪಾಠ ಮಾಡಿದರು, ಎರಡು ಸಲ, ರಾಗವಾಗಿ.
ಯಾರೂ ಕಾಲ ಕೆಳಗೆ ನೋಡಿಕೊಳ್ಳಲಿಲ್ಲ.

ಹಿಂದಿನಿಂದ ಎದ್ದವನು ಜವರ,
ಹರಿಗೋಲು ನಡೆಸುವವರ ಮನೆಯ ಹುಡುಗ:
"ಅಂಗಾರೆ ಮಿಸ್ಸು, ಪಡುವಲಲ್ಲಿ ಸೀಳ್ಕಂಡ ಹೊಳೆ
ಸಂಗಮದತ್ರ ಮತ್ತೆ ಕೂಡ್ಕತದಲ್ಲ,
ನಡುವೆ ಸಿಕ್ಕಂಡಿರೋ ನಾವೇನು?"

ಕ್ಲಾಸು ಒಂದು ಗಳಿಗೆ ತೇಲಿತು.
ಆಮೇಲೆ ಗಲಾಟೆ.
ಬಸ್ ಸ್ಟ್ಯಾಂಡು? ದ್ವೀಪ. ಮಸೀದಿ? ದ್ವೀಪ.
ನಮ್ಮ ಎಮ್ಮೆ ಕೊಟ್ಟಿಗೆ ಮಿಸ್?
ಅದೂವೆ.

ಉಳಿದ ಪದಗಳು ಅಷ್ಟು ಸಲೀಸಲ್ಲ.
ಸಂತೆ ದಿನದ ಬಸ್ಸಿನ ಹಾಗೆ ತುಂಬಿಕೊಂಡು ಬರುತ್ತವೆ,
ಒಳಗೆ ಯಾರಿದ್ದಾರೆ ಕಾಣುವುದಿಲ್ಲ.
ಭೂಸಂಧಿ. ಜಲಸಂಧಿ.
ಸಂಧಿ ಅಂದರೆ ಕನ್ನಡ ಪೀರಿಯಡ್ಡಿನಲ್ಲಿ ಲೋಪ, ಆಗಮ, ಆದೇಶ;
ಮನೆಯಲ್ಲಿ ಅಜ್ಜಿಯ ಮಂಡಿನೋವು;
ನನ್ನ ಪೀರಿಯಡ್ಡಿನಲ್ಲಿ ಎರಡು ಕಡಲು
ಮೈ ಹಿಂಡಿಕೊಂಡು ಭೇಟಿಯಾಗುವ ಇಕ್ಕಟ್ಟು.
ಉಪನದಿಗೆ ಕರಿಘಟ್ಟದ ಕಡೆ ಕೈ ತೋರಿಸಿದೆ,
ಅದರ ಬುಡದಲ್ಲಿ ಲೋಕಪಾವನಿ ಬಂದು ಸೇರುವುದನ್ನು ಹೇಳಿದೆ.
ಉಪ ಅಂದರೆ ಚಿಕ್ಕದಾ? ಅಂದಳು ತಬಸ್ಸುಮ್.
ಒಂದು ರೀತಿ ಹೌದು.
ಹಾಗಾದ್ರೆ ಉಪಾಧ್ಯಾಯರು?

ಅಕ್ಷಾಂಶ ಹನ್ನೆರಡು ಡಿಗ್ರಿ ಚಿಲ್ಲರೆ, ಉತ್ತರ.
ಆ ಗೆರೆ ಎಲ್ಲಿದೆ ಎಂದು ಊಟದ ಬಿಡುವಿನಲ್ಲಿ
ಇಬ್ಬರು ಮೈದಾನದಲ್ಲಿ ಹುಡುಕಿದರು.
ಸಿಕ್ಕಿದ್ದು ಕಬಡ್ಡಿಯ ಸುಣ್ಣದ ಗೆರೆ.
ಅದನ್ನೇ ದಾಟಿ ಬಂದರು, ಉಸಿರು ಹಿಡಿದು.

ಕಿರುಪರೀಕ್ಷೆ, ಏಳನೇ ಪ್ರಶ್ನೆ, ಎರಡು ಅಂಕ:
ಸವೆತ ಉಂಟುಮಾಡುವವು ಯಾವುವು?
ಗಾಳಿ, ನೀರು, ಹಿಮನದಿ, ಅಲೆ, ಎಂದಿದೆ ಉತ್ತರದ ಹಾಳೆಯಲ್ಲಿ.
ಹಿಮನದಿಯನ್ನು ಈ ತಾಲ್ಲೂಕಿನಲ್ಲಿ ಕಂಡವರು ಯಾರು?
ಜವರ ಬರೆದಿದ್ದ: ನೀರು, ಗಾಳಿ, ನಮ್ಮವ್ವ.
ಕೆಳಗೆ ಚಿತ್ರ. ಒಗೆಯುವ ಕಲ್ಲು, ನಡುವೆ ಗುಳಿ,
ಗುಳಿಗೆ ಬಾಣದ ಗುರುತು: ಸವೆತ.

ಕೆಂಪು ಪೆನ್ನು ಮುಚ್ಚಳ ತೆರೆದೇ ಕೂತೆ.
ಒಂದೂವರೆ ಹಾಕಿದೆ. ಅರ್ಧ ಹಿಡಿದಿಟ್ಟೆ,
ಯಾಕೆಂದು ನನಗೂ ಗೊತ್ತಿಲ್ಲ.

ಸಂಜೆ ಬಸ್ಸು ಬಿಟ್ಟು ಹೊಳೆಗೆ ಇಳಿದೆ.
ಕಲ್ಲಿತ್ತು. ಕಣಶಿಲೆ ಅದು,
ಭೂಮಿಯ ಹೊಟ್ಟೆಯಲ್ಲಿ ಕಾದು ಆರಿದ್ದು, ಸುಲಭಕ್ಕೆ ಮಣಿಯದ್ದು.
ಗುಳಿಯಲ್ಲಿ ಅಂಗೈಯಷ್ಟು ನೊರೆ.
ಒಗೆಯುತ್ತಿದ್ದವಳು ಬಕೆಟ್ಟು ಸರಿಸಿ
ಜಾಗ ಬಿಟ್ಟಳು.
"ಕಾಲು ತೊಳ್ಕಳಿ ಮಿಸ್ಸು, ಜಾರ್ತದೆ, ನೋಡ್ಕಂಡು."