ಅಟ್ಟೆಯ ಮಣ್ಣು

ರಾವಿರಿಯ ಪತ್ರ ಎರಡೇ ಪುಟ.
ಬಂದೂಕು ತರಬೇಡಿ, ನಮ್ಮ ರ‍್ಯಾಂಚಿನಲ್ಲೇ ಇದೆ.
ಹತ್ತಿಬಟ್ಟೆ ಬೇಡವೇ ಬೇಡ, ಒದ್ದೆಯಾದರೆ ಒಣಗದು.
ಉಣ್ಣೆಯ ಕಾಲುಚೀಲ ಐದು ಜೊತೆ.
ಗುರಿ ಹಿಡಿಯುವುದು ಎಡಗಣ್ಣೋ ಬಲಗಣ್ಣೋ, ಬರೆಯಿರಿ.
ಏಪ್ರಿಲ್ ಮೊದಲ ವಾರ ಗಂಡುಜಿಂಕೆಗಳು ಕೂಗುತ್ತವೆ,
ರಾತ್ರಿ ನಿದ್ದೆ ಬಾರದಿದ್ದರೆ ನಮ್ಮನ್ನು ಬಯ್ಯಬೇಡಿ.
ಕೊನೆಗೆ, ಅಡಿಗೆರೆ ಎರಡೆಳೆದು:
ಬೂಟು ತೊಳೆದು ತನ್ನಿ. ಅಟ್ಟೆಯಲ್ಲಿ ಒಂದು ಬೀಜ ಸಿಕ್ಕರೂ
ವಿಮಾನನಿಲ್ದಾಣದಲ್ಲಿ ದಂಡ.

ನ್ಯೂಜಿಲೆಂಡಿನಲ್ಲಿ ಆಗ ಎಲೆ ಉದುರುವ ಕಾಲವಂತೆ.
ಇಲ್ಲಿ, ನಮ್ಮ ಸ್ಕಾಟ್‌ಲೆಂಡಿನ ಗುಡ್ಡದ ನೆತ್ತಿಗೆ
ಇನ್ನೂ ಹಿಮದ ಕುಲಾವಿ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಕೂತು ಕೂತು ಮೊಣಕಾಲು ತುಕ್ಕು ಹಿಡಿದಿದೆ.
ಬೆನ್ನುಚೀಲಕ್ಕೆ ಹನ್ನೆರಡು ಕಿಲೋ ಆಲೂಗಡ್ಡೆ ತುಂಬಿ
ದಿನಾ ಸಂಜೆ ಇಗರ್ಜಿಯ ಹಿಂದಿನ ಏರು ಹತ್ತುತ್ತೇನೆ.
"ಏನು ಇಶ್‌ಬೆಲ್, ಆಲೂಗಡ್ಡೆ ಮಾರಲು ಹೊರಟೆಯಾ?"
ಅಂಚೆಯ ಡೂಗಲ್ ಕೇಳುತ್ತಾನೆ. ದಿನಾ ಕೇಳುತ್ತಾನೆ.
ಉತ್ತರ ಕೊಡುವಷ್ಟು ಉಸಿರು ಉಳಿದ ದಿನ
ತಯಾರಾದೆ ಅಂತ ಲೆಕ್ಕ.

ನನ್ನಪ್ಪ ಫರ್ಕರ್ ಬೇಟೆಯಾಡಿದವನಲ್ಲ, ಆಡಿಸಿದವನು.
ಎಸ್ಟೇಟಿಗೆ ಬಂದ ದೊರೆಗಳನ್ನು, ಬ್ಯಾಂಕಿನವರನ್ನು,
ಬ್ಯಾಂಕಿನವರ ಅಳಿಯಂದಿರನ್ನು
ಹೊಟ್ಟೆಯ ಮೇಲೆ ತೆವಳಿಸಿ, ಗಾಳಿಗೆ ಮುಖ ಕೊಡಿಸಿ,
ಇನ್ನೂರು ಗಜ ಹತ್ತಿರಕ್ಕೆ ಒಯ್ದು
ಕೈಗೆ ಬಂದೂಕಿಟ್ಟು "ಈಗ" ಅನ್ನುತ್ತಿದ್ದ.
ತಪ್ಪಿದರೆ, "ಗಾಳಿ ತಿರುಗಿತು ದಣಿ."
ತಗುಲಿದರೆ, "ಏನು ಕೈ ದಣಿ ನಿಮ್ಮದು!"
ಗಾಯಗೊಂಡು ಓಡಿದ್ದನ್ನು ಕತ್ತಲಲ್ಲಿ ಹುಡುಕಿ
ಮುಗಿಸಿ ಬರುವುದಕ್ಕೆ ಮಾತ್ರ ಅವನೊಬ್ಬನೇ.
ಆ ರಾತ್ರಿಗಳಲ್ಲಿ ಸೂಪು ಮುಟ್ಟುತ್ತಿರಲಿಲ್ಲ.

ಫೋಟೋಗಳಿವೆ. ಎಲ್ಲದರಲ್ಲೂ ದೊರೆ, ಕೊಂಬು, ದೊರೆಯ ನಾಯಿ.
ಅಂಚಿನಲ್ಲಿ ಅರ್ಧ ಟೊಪ್ಪಿ ಕಂಡರೆ, ಅಪ್ಪ.

ಭಾನುವಾರ ಹಳೆಯ ಕಲ್ಲುಗಣಿಯಲ್ಲಿ ಕಾಗದಕ್ಕೆ ಗುಂಡು.
ತಮ್ಮನ ಬಂದೂಕು, ಅಪ್ಪನ ಮಾತು:
ಉಸಿರು ಅರ್ಧ ಬಿಡು, ಉಳಿದರ್ಧ ಸಾಲ ಅಂದುಕೋ.
ಐದರಲ್ಲಿ ನಾಲ್ಕು ನಟ್ಟನಡುವೆ.
ಐದನೆಯದು ಎಲ್ಲಿ ಹೋಯಿತೋ,
ಕತ್ತಲಾಗುವವರೆಗೂ ಹುಡುಕಿದೆ. ಬರೀ ಕಾಗದ ಅಂತ ಗೊತ್ತಿದ್ದೂ.

ಈಗ ನಾನು ಅತಿಥಿ.
ದುಡ್ಡು ಕಟ್ಟಿದ್ದೇನೆ, ನನ್ನ ಮುಂದೆ ಒಬ್ಬ ತೆವಳುತ್ತಾನೆ.
ಬಗ್ಗು ಅಂದರೆ ಬಗ್ಗಬೇಕು, ಸುಮ್ಮನಿರು ಅಂದರೆ ಸುಮ್ಮನಿರಬೇಕು.
ಬಗ್ಗಿಸಿದವನ ಮಗಳಿಗೆ ಅದು ಬಂದೀತೇ?
ಮಂಚದ ಕೆಳಗೆ ತೆವಳಿ ನೋಡಿದೆ.
ಒಂದು ಗುಂಡಿ ಸಿಕ್ಕಿತು. ಹೋದ ವರ್ಷ ಕಳೆದ ಕನ್ನಡಕ ಸಿಕ್ಕಿತು.

ಅರ್ಜಿ ಕೇಳುತ್ತದೆ: ಎಷ್ಟು ಕವಲಿನ ಕೊಂಬು ಬೇಕು?
ಹದಿನಾಲ್ಕಕ್ಕೆ ಒಂದು ಬೆಲೆ, ಹದಿನೆಂಟಕ್ಕೆ ಇನ್ನೊಂದು,
ಮೀನಂಗಡಿಯ ಹಲಗೆಯ ಹಾಗೆ.
"ಮುದಿಯದು, ಹಲ್ಲು ಸವೆದದ್ದು,
ಈ ಚಳಿಗಾಲ ದಾಟಲಾರದ್ದು," ಎಂದು ಬರೆದೆ.
"ವಿಶೇಷ ಕೋರಿಕೆ?"
ಬಹಳ ಹೊತ್ತು ಪೆನ್ನು ಕಚ್ಚಿದೆ.
"ಫೋಟೋದಲ್ಲಿ ರಾವಿರಿ ನಡುವೆ ನಿಲ್ಲಬೇಕು."

ಇವತ್ತು ಬೂಟು.
ಸವೆದ ಹಲ್ಲುಬ್ರಷ್ಷು, ಬಿಸಿನೀರು, ಸೋಡಾಪುಡಿ.
ಅಟ್ಟೆಯ ಗೀರುಗೀರಿನಿಂದ ಕಪ್ಪು ಕೆಸರು ಬಿಡುತ್ತಿದೆ.
ಕುರಿಹಿಕ್ಕೆ, ಪಾಚಿ,
ಮೊನ್ನೆ ಅಪ್ಪನ ಗೋರಿಯ ಬಳಿ ಮೆಟ್ಟಿದ ಮಣ್ಣು.
ಹಿಮ್ಮಡಿಯಲ್ಲಿ ಯಾವುದೋ ಹುಲ್ಲಿನ ಬೀಜ, ಪಟ್ಟು ಬಿಡದು.
ತಲೆಪಿನ್ನಿನಿಂದ ಕಿತ್ತು ಕಿಟಕಿಯಾಚೆ ಊದಿದೆ.

ನೂರೈವತ್ತು ವರ್ಷದ ಹಿಂದೆ
ಇಂಥವೇ ಗುಡ್ಡಗಳಲ್ಲಿ ಹಿಡಿದ ಜಿಂಕೆಗಳನ್ನು
ಪೆಟ್ಟಿಗೆಗಳಲ್ಲಿ ಹಾಕಿ ಹಡಗೇರಿಸಿದರಂತೆ, ಆ ದೇಶಕ್ಕೆ.
ತಿಂಗಳುಗಟ್ಟಲೆ ಉಪ್ಪುಗಾಳಿ, ಹಳಸಿದ ಹುಲ್ಲು.
ಬದುಕಿದವು ಇಳಿದವು, ಮೂಸಿದವು, ಗುಡ್ಡ ಹತ್ತಿದವು.
ಅವುಗಳ ಮರಿಮೊಮ್ಮಕ್ಕಳೇ ಈಗ
ರಾವಿರಿಯ ನಿದ್ದೆ ಕೆಡಿಸುತ್ತಿರುವುದು.

ಅವುಗಳ ಗೊರಸನ್ನು ಯಾರೂ ಉಜ್ಜಿರಲಿಲ್ಲ.

ನೀರು ಬದಲಿಸಿ
ಎಡಗಾಲಿನದನ್ನು ಕೈಗೆತ್ತಿಕೊಂಡೆ.