ಥಂಡಿಗೆ ಮುಂಚಿನ ಐತ್ವಾರ

ಎರಡು ವರ್ಷ ಹೆಡ್‌ಲೈಟಿನ ಮ್ಯಾಲೆ ಸಿಟ್ಟು ನನಗ.
ಬೂದಿ ಹಚ್ಚಿ ತಿಕ್ಕಿದೆ, ಹುಣಸಿಹುಳಿ ಹಚ್ಚಿ ತಿಕ್ಕಿದೆ,
ಭಾಲ್ಕಿಗೆ ಹೋಗಿ ಬಲ್ಬು ತಂದೆ, ಎರಡು ಸಲ.
ರಾತ್ರಿ ಜನವಾಡದ ರೋಡಿಗೆ ಎದುರು ಬರೂ ಲಾರಿ ದೀಪಗೋಳು
ಕುಸುಬಿ ಹೂವಿನಂಗ ಸುತ್ತೂಕಡೆ ಮುಳ್ಳು ಬಿಟ್ಟುಕೊಂಡು ಬರತಿದ್ದವು.
ಬೀದರಿನ ದವಾಖಾನ್ಯಾಗ ಡಾಕ್ಟರಬಾಯಿ ರೆಪ್ಪಿ ಎತ್ತಿ ನೋಡಿ ಅಂದ್ಳು:
ಗಾಜು ಮಾಸಿದ್ದು ಇಲ್ಲಿ, ಕಂಪೌಂಡರ್ ಸಾಹೇಬ್ರ.

ಪೊರಿ ತೆಗೆಸೂದು ಥಂಡಿಯಾಗೇ ಛಲೋ ಅಂತಾರ ಮಂದಿ.
ಎರಡೂ ಕಣ್ಣು, ನಡುವ ಒಂದು ತಿಂಗಳ ಅಂತರ,
ಗಾಡಿ ಮುಟ್ಟಂಗಿಲ್ಲ.
ಮೂರು ತಿಂಗಳು ಸುಮ್ಮ ನಿಲ್ಲಿಸಿದ್ರ ಕಬ್ಬಿಣ ಸುಮ್ಮ ಇರೂದಿಲ್ಲ.
ಅದಕ್ಕ ಇವತ್ತು ಅಂಗಳದಾಗ ತಟ್ಟು ಹಾಸಿ ಕುಂತೀನಿ,
ಎಡಕ್ಕ ಪಾನಾಗೋಳು,
ಬಲಕ್ಕ ಮೆಕ್ಯಾನಿಕ್ ಜೈನೊದ್ದೀನನ ಮಗ ಮುಸ್ತಕೀಮ,
ನನಗ ಕಣ್ಣಾಗಲಿಕ್ಕೆ ಬಂದವ.
ಖರೇ ಅಂದ್ರ ಪೆಟ್ರೋಲಿಗೆ ಬಂದವ.

ಪೈಪು ಬಿಚ್ಚಿದೆ. ಟಾಕಿ ಖಾಲಿ ಆಗೂ ಸಪ್ಪಳ
ಎಮ್ಮಿ ಹಿಂಡಿದಂಗ, ಮೊದಲ ಜೋರು, ಆಮ್ಯಾಲೆ ಹನಿ ಹನಿ.
ಎಣ್ಣಿ ಬೆರೆಸಿದ್ದಪಾ ಇದು, ನಿನ್ನ ಗಾಡಿಗೆ ನಡಿಯೂದಿಲ್ಲ.
ನಡೀತದ ಚಾಚಾ, ಅಂದ.
ಕಾರ್ಬೊರೇಟರಿನ ಬಟ್ಟಲ ಬಿಚ್ಚಿ ತಳದ ಕಸರು ಬೆರಳಿಲೇ ಒರೆಸಿದೆ.
ಕಣ್ಣಿಗಿಂತ ಬೆರಳಿಗೆ ಬಾಳ ಗೊತ್ತದ:
ಯಾವ ಬೋಲ್ಟಿನ ಹಲ್ಲು ಸವೆದಾವ,
ಯಾವ ವಾಶರು ಹುಮನಾಬಾದದ ಬಸ್‌ಸ್ಟ್ಯಾಂಡಿನಾಗ
ತಗಡಿನ ಡಬ್ಬಿ ಕತ್ತರಿಸಿ ಮಾಡಿದ್ದು.
ಪ್ಲಗ್ಗು ತೆಗೆದು ತೂತಿನಾಗ ಒಂದು ಚಮಚ ಎಣ್ಣಿ ಬಿಟ್ಟು
ಕಿಕ್ಕು ಮೆಲ್ಲಕ ಒತ್ತಿದೆ, ಒಂದು, ಎರಡು, ಮೂರು.
ಹೊಟ್ಟಿ ಉಬ್ಬಿದ ದನಕ್ಕ ಗೊಟ್ಟದಾಗ ಔಷಧ ಕುಡಿಸಿದ ಕೈ ಇದು,
ಎಷ್ಟು ಮೆಲ್ಲಕ ಅಂತ ಹೇಳಿಕೊಡೂದು ಬ್ಯಾಡ.

ಈ ಕ್ಯಾರಿಯರಿಗೆ ಬರ್ಫದ ಪೆಟ್ಟಿಗಿ ಕಟ್ಟಿ
ಮಾಂಜ್ರಾ ದಾಟಿ, ಔರಾದದ ಆಚಿ ತಾಂಡಾತನಕ
ಕಾಲುಬಾಯಿ ಬ್ಯಾನಿಯ ಲಸಿಕಿ ಒಯ್ದೀನಿ.
ಒಮ್ಮೆ ತಾಯಿ ಸತ್ತ ಕರಾ ಒಂದು ಟಾಕಿ ಮ್ಯಾಲೆ ಮಲಗಿ
ದಾರಿತುಂಬ ನನ್ನ ಅಂಗಿ ಗುಂಡಿ ಚೀಪಿತು.
ಒಂದು ನುಂಗೇಬಿಟ್ಟಿತು.
ಮರುದಿನ ಬಿತ್ತು, ಹುಡುಕಲಿಲ್ಲ.

ಬ್ಯಾಟರಿ ಬಿಚ್ಚಿ ಒಳಗ ತಂದೆ.
ದೇವರ ಜಗುಲಿ ಕೆಳಗ ಬ್ಯಾಡ ಅಂದ್ಳು ಚಂದ್ರಭಾಗಾ,
ಒಲಿ ಹತ್ತರ ಮೊದಲೇ ಬ್ಯಾಡ.
ಕಡೀಕ ನನ್ನ ಮಂಚದ ಕೆಳಗ ಜಾಗ ಸಿಕ್ಕಿತು,
ಮೂರು ತಿಂಗಳು ಇಬ್ಬರೂ ಮಲಗೂದು.
ಸೈಲೆನ್ಸರ್ ಬಾಯಿಗೆ ಅರಬಿ ತುರುಕದಿದ್ರ ಇಲಿ ಮರಿ ಹಾಕತಾವ;
ಒಂದು ಚಿಂದಿ ಕೊಡು ಅಂದ್ರ
ನನ್ನ ನೌಕರಿಯ ಬಿಳಿ ಕೋಟಿನ ತೋಳು ಹರಿದು ಕೊಟ್ಟಳು.
ಸರಿಯಾಗಿ ಹಿಡೀತು.

ಪ್ಲಾಸ್ಟಿಕ್ ಹೊಚ್ಚಿದ್ರ ಒಳಗೇ ಬೆವರತದ. ಕೌದಿ ತಂದೆ.
ಮುಸ್ತಕೀಮ ನಕ್ಕ: ಗಾಡಿ ಅದ ಚಾಚಾ, ಅಮ್ಮ ಅಲ್ಲ.
ನಕ್ಕರೂ ಅಂಚು ಅವನೇ ಎಳೆದ, ಮುಂದಿನ ಗಾಲಿತನಕ.

ಅವ ಹೋದ ಮ್ಯಾಲೆ ಓಣಿತುಂಬ ನೀಲಿ ಹೊಗಿ,
ಅವನ ಗಾಡಿಯಿಂದ ನನ್ನ ಗಾಡಿಯ ವಾಸನಿ.
ಬಾಜು ಮನಿ ಸೂಗಮ್ಮ ಒಳಗಿಂದೇ ಕೇಳಿದ್ಳು,
ಕಂಪೌಂಡರ್ ಸಾಹೇಬ್ರು ಎಲ್ಲಿಗೆ ಹೊಂಟ್ರು ಇಷ್ಟೊತ್ತಿಗೆ?

ಚಾವಿ ತಾ, ಅಂದ್ಳು ಚಂದ್ರಭಾಗಾ.
ಒಂದು ಕಣ್ಣು ಬಂದ್ರ ಸಾಕು, ಏರತಿ ನೀ.
ಜ್ವಾಳದ ಡಬ್ಬಿಯೊಳಗ ಮೊಳಕೈತನಕ ಕೈ ಇಳಿಸಿ
ಅಲ್ಲೇ ತಳದಾಗ ಬಿಟ್ಟಳು.
ಮ್ಯಾಲಿನ ಜ್ವಾಳ ಸರ್ರಂತ ಕೂಡಿಕೊಂಡಿತು.

ನಾವು ಇಬ್ಬರು. ದಿನಕ್ಕ ಆರು ರೊಟ್ಟಿ.
ಕತ್ತಲದಾಗ ಲೆಕ್ಕ ಹಾಕಿದೆ: ಎಳ್ಳಮಾಸಿ ದಾಟತದ,
ಭಜ್ಜಿ ಉಣ್ಣಲಿಕ್ಕೆ ಹೊಲಕ್ಕ
ಯಾರದರೆ ಗಾಡಿ ಹಿಂದ ಕುಂತು ಹೋಗಬೇಕು,
ಮಡಲಾಗ ಗಡಗಿ ಹಿಡಕೊಂಡು.

ನಾಳಿಂದ ಎಂಟು ಬಡಿ, ಅಂದೆ.
ಹಸಿವು ಜಾಸ್ತಿ ಆಗೇದ.