ದೊರೆತನ

ಭಾನುವಾರ ಮೊದಲ ಪಾಠ ಓದುವ ಸರದಿ ನನ್ನದು.
ರಾತ್ರಿಯೆಲ್ಲ ಬಿಕ್ಕೋಡಿನಾಚೆ ಜೀಪಿನ ಹಿಂದೆ ನಿಂತಿದ್ದು
ಸೀದಾ ಪೂಜೆಗೆ ಬಂದಿದ್ದೆ, ಖಾಕಿಯಲ್ಲೇ;
ಬೂಟಿನ ತುಂಬ ಗದ್ದೆಯ ಕೆಸರು,
ಜೇಬಿನಲ್ಲಿ ಸಿಡಿಯದೆ ಉಳಿದ ಎರಡು ಪಟಾಕಿ.

ಮೀನಿನ ಮೇಲೆ, ಹಕ್ಕಿಯ ಮೇಲೆ,
ನೆಲದಲ್ಲಿ ನಡೆದಾಡುವ ಎಲ್ಲದರ ಮೇಲೆ
ದೊರೆತನ, ಎನ್ನುವಲ್ಲಿ ನಾಲಿಗೆ ತೊಡರಿತು.
ಹಿಂದಿನ ಬೆಂಚಿನಲ್ಲಿ ಚೌರಪ್ಪ ಕಿಸಕ್ಕನೆ ನಕ್ಕ.
ನಗಲಿ. ಊರಿಗೆಲ್ಲ ಗೊತ್ತು:
ರಾತ್ರಿ ಹನ್ನೊಂದೂವರೆಗೆ ಒಂಟಿಕೊಂಬಿನ ಬೀಗ
ರಸ್ತೆಗೆ ಅಡ್ಡ ನಿಂತಾಗ
ಈ ದೊರೆಯ ಸವಾರಿ ರಿವರ್ಸ್ ಗೇರಿನಲ್ಲಿ
ಅರ್ಧ ಕಿಲೋಮೀಟರು ಹಿಂದೆ ಹೋಗಿತ್ತು.

ಇಲಾಖೆಯ ಪುಸ್ತಕದಲ್ಲಿ ಅವಕ್ಕೆ ನಂಬರು.
ಹೆಸರಿಟ್ಟವರು ನಾವು, ದಿನಗೂಲಿಯ ವಾಚರುಗಳು.
ಹೇಳದೆ ಬಂದು ಮೊದಲ ಪಂಕ್ತಿಗೇ ಕೂರುವವನನ್ನು
ಬೀಗ ಅನ್ನದೆ ಇನ್ನೇನನ್ನಲಿ?
ಮರಿಗಳನ್ನೆಲ್ಲ ಟಾರು ರಸ್ತೆ ದಾಟಿಸಿ
ಕಡೆಗೆ ತಾನು ದಾಟುವವಳು ಲೂರ್ದಮ್ಮ.
ನನ್ನ ಅಜ್ಜಿಯ ಹೆಸರು. ಅಜ್ಜಿ ಬದುಕಿದ್ದರೆ
ಬೈದು, ಆಮೇಲೆ ಒಳಗೊಳಗೇ ಹಿಗ್ಗುತ್ತಿದ್ದಳು.

ಮಣ್ಣಿಂದ ಎದ್ದ ಮೊದಲನೆಯವನಿಗೂ ಇದೇ ಕೆಲಸವಂತೆ.
ಒಂದೊಂದನ್ನೇ ಅವನೆದುರು ತಂದು ನಿಲ್ಲಿಸಿ
ಏನಂತ ಕರೆದಾನು ಎಂದು
ಮಾಡಿದಾತ ಪಕ್ಕದಲ್ಲೇ ಕಾದನಂತೆ,
ಕೂಸಿನ ಮೊದಲ ಮಾತಿಗೆ ತಂದೆ ಕಾದ ಹಾಗೆ.
ತೋಟ ಕಾಯಿ, ಅಂದ.
ಕೋವಿ ಕೊಟ್ಟ ಮಾತು ಎಲ್ಲೂ ಇಲ್ಲ.

ಅರವತ್ತು ರೊಬಸ್ಟಾ ಗಿಡ ನೆಲಕ್ಕೊರಗಿದ ಬೆಳಿಗ್ಗೆ
ಸಣ್ಣಸ್ವಾಮಿಗೌಡರು ಕೇಳಿದ್ದರು:
"ನಿಮ್ಮ ದೇವರು ಅಧಿಕಾರ ಕೊಟ್ಟವನಂತಲ್ಲೋ ಇನ್ನಾಸಪ್ಪ,
ಹೇಳು ಮತ್ತೆ ಅದಕ್ಕೆ, ಹೋಗು ಅಂತ."
ಕಣ್ಣಲ್ಲಿ ಗೇಲಿ ಇರಲಿಲ್ಲ. ನಿದ್ದೆಯೂ ಇರಲಿಲ್ಲ.
ಉತ್ತರ ನನ್ನ ಹತ್ತಿರವೂ ಇರಲಿಲ್ಲ.
ಕಣದ ಕಟ್ಟೆ ಮೇಲೆ ಕೂತು ಇಬ್ಬರೂ ಕಾಫಿ ಕುಡಿದೆವು.

ಹೋಗು ಅಂದರೆ ಆನೆ ಹೋಗುವುದಿಲ್ಲ, ಗೌಡರೇ.
ಆದರೆ ಬೆಳಗಿನ ಜಾವ ಐದಕ್ಕೆ ನಾನು ಮೊಬೈಲಿನಲ್ಲಿ
ಎರಡನೇ ಬ್ಲಾಕಿಗೆ ಇಳಿಯಬೇಡಿ ಎಂದು ಒತ್ತಿದರೆ
ಹಣ್ಣು ಕೊಯ್ಯುವ ನಲವತ್ತು ಜನ ಲೈನುಮನೆಯಲ್ಲೇ ನಿಲ್ಲುತ್ತಾರೆ,
ಸ್ಕೂಲಿನ ಆಟೋ ನಿಲ್ಲುತ್ತದೆ,
ನೀವೂ ನಿಲ್ಲುತ್ತೀರಿ.
ಇಷ್ಟೇ ನನ್ನ ಸೀಮೆ. ಇಷ್ಟೂ ನನ್ನದಲ್ಲ:
ನನ್ನ ಮೇಲೆ ಗಾರ್ಡು, ಗಾರ್ಡಿನ ಮೇಲೆ ರೇಂಜರು,
ರೇಂಜರಿನ ಮೇಲೆ... ಹೋಗಲಿ.

ಕೂಲಿ ಮೂರು ತಿಂಗಳಿಗೊಮ್ಮೆ ಬರುತ್ತದೆ.
ಯಾತಕ್ಕೆ ಮಾಡ್ತೀಯ ಇದನ್ನ, ಅನ್ನುತ್ತಾಳೆ ಜೆಸಿಂತ.
ಯಾತಕ್ಕೋ.
ಕತ್ತಲಲ್ಲಿ ಲದ್ದಿಯ ಮೇಲೆ ಅಂಗೈಯಿಟ್ಟು
ಬಿಸಿ ಆರಿದೆಯೇ ಎಂದು ನೋಡುವಾಗ ಮಾತ್ರ
ನನ್ನನ್ನು ಮಾಡಿದ್ದು ಇದಕ್ಕೇ ಅನ್ನಿಸುತ್ತದೆ.
ಇದನ್ನು ಅವಳಿಗೆ ಹೇಳುವುದು ಹೇಗೆ?

ಒಂದು ಬೆಳಿಗ್ಗೆ ಒತ್ತಲಿಲ್ಲ.
ಜೀಪಿನ ಸೀಟಿಗೆ ಒರಗಿದವನು ಎದ್ದಾಗ ಆರೂಮುಕ್ಕಾಲು.
ಪುಟ್ಟಲಕ್ಷ್ಮಮ್ಮನ ಬುಟ್ಟಿ ಮಗುಚಿತ್ತು,
ಹಣ್ಣು ಚರಂಡಿಯವರೆಗೂ ಚೆಲ್ಲಿತ್ತು.
ನಿದ್ದೆ ಪಾಪವಲ್ಲಪ್ಪ, ಅಂದರು ಫಾದರ್, ಜಾಲರಿಯ ಆಚೆಯಿಂದ.
ಕಾಯುವವನಿಗೂ?
ಆಚೆ ಕಡೆ ಬಹಳ ಹೊತ್ತು ಮಾತಿಲ್ಲ.
ಅವನೂ ಒಂದು ರಾತ್ರಿ, ಅದೂ ಒಂದು ತೋಟ,
ಗೆಳೆಯರನ್ನು ಒಂದೇ ಗಂಟೆಯ ಎಚ್ಚರ ಕೇಳಿದ್ದ.

"ಪ್ರಭುವಿನ ವಾಕ್ಯ" ಎಂದು ಪಾಠ ಮುಗಿಸುವಾಗ
ಜೇಬಿನಲ್ಲಿ ಫೋನು ನಡುಗಿತು.
ಪ್ರಸಂಗಕ್ಕೆ ಮೊದಲೇ ಹೊರಗೆ ಬಂದು ಒತ್ತಿದೆ:
ಬೀಗ ಸಮಾಧಿಯ ಬೇಲಿ ಒಳಗೆ. ಪೂಜೆ ಮುಗಿದರೂ ಯಾರೂ ಏಳಬೇಡಿ.
ಒಳಗೆ ಬೆಂಚು ಬೆಂಚಿನಲ್ಲೂ ಗುಂಯ್ ಗುಂಯ್.
ಚೌರಪ್ಪನೂ ಕೂತ.
ಫಾದರ್ ಪ್ರಸಂಗ ಉದ್ದ ಮಾಡಿದರು; ಅದೇನು ಅವರಿಗೆ ಹೊಸದಲ್ಲ.

ನಾನು ಗೇಟಿನ ಹತ್ತಿರ, ಬರಿಗೈ.
ಅತ್ತ ಅವನು, ನನ್ನ ಅಜ್ಜಿಯ ಶಿಲುಬೆಯ ಪಕ್ಕ,
ಹಲಸಿನ ಕೊಂಬೆ ಎಳೆದುಕೊಂಡು.
ಪಟಾಕಿ ತೆಗೆಯಲಿಲ್ಲ. ಹೆಸರು ಹಿಡಿದು ಕರೆದೆ, ಮೆಲ್ಲಗೆ.
ಒಂದು ಕಿವಿ ಬೀಸಿತು,
ನನ್ನ ಮಾತಿಗೋ, ನೊಣಕ್ಕೋ.